ಮೊದಲ ಬಟ್ಟಲು

ಮೇ ತಿಂಗಳು ಮುಗಿಯುವ ಹೊತ್ತಿಗೆ ಹಿಮ ಬೆಟ್ಟದ ಹೆಗಲವರೆಗೆ ಹಿಂದೆ ಸರಿದಿತ್ತು. ತಗ್ಗಿನಲ್ಲಿ ಹುಲ್ಲು ಕುದುರೆಯ ಗೊರಸು ಮುಚ್ಚುವಷ್ಟು ಎದ್ದಿತ್ತು. ಒತೊಂಬೆಕ್‌ನ ಮನೆಯವರು ಊರಿನಿಂದ ಮೇಲಿನ ಹುಲ್ಲುಗಾವಲಿಗೆ ಬಂದು, ಉಣ್ಣೆಗಂಬಳಿಯ ಗುಡಾರ ನಿಲ್ಲಿಸಿ, ಎರಡು ಗೂಟಗಳ ನಡುವೆ ನೆಲಕ್ಕೆ ತಾಗುವಂತೆ ಉದ್ದನೆಯ ಹಗ್ಗ ಬಿಗಿದಿದ್ದರು. ಹಗ್ಗದುದ್ದಕ್ಕೂ ಕುದುರೆಮರಿಗಳು ಸಾಲಾಗಿ ನಿಂತಿದ್ದವು. ಮರಿ ಕಟ್ಟಿದ ಕಡೆಯಿಂದ ತಾಯಿ ದೂರ ಹೋಗುವುದಿಲ್ಲ. ಹೆಣ್ಣು ಕುದುರೆಗಳು ಅಲ್ಲೇ ಸುತ್ತಮುತ್ತ ಮೇಯುತ್ತ, ಕೆಚ್ಚಲು ಬಿಗಿದಾಗ ತಾವಾಗಿಯೇ ಹಗ್ಗದ ಹತ್ತಿರ ಬಂದು ನಿಲ್ಲುತ್ತಿದ್ದವು.

ಅವನ ಹೆಂಡತಿ ಸಾಯ್ರಾ ಒಂದು ಮೊಣಕಾಲು ಊರಿ, ಇನ್ನೊಂದು ತೊಡೆಯ ಮೇಲೆ ಬಕೆಟ್ಟು ಆನಿಸಿಕೊಂಡು, ಕುದುರೆಯ ಹಿಂಗಾಲನ್ನು ಬಳಸಿ ಕೈ ಹಾಕಿ ಕರೆಯುತ್ತಿದ್ದಳು. ಕುದುರೆ ಹಸುವಿನಂತಲ್ಲ. ಮರಿ ಮೊದಲು ಬಾಯಿ ಹಚ್ಚಬೇಕು. ಹಾಲು ಇಳಿದ ಕೂಡಲೇ ಅದನ್ನು ಎಳೆದು, ತಾಯಿಯ ಮೈಗೆ ಒತ್ತಿ ಹಿಡಿದು ನಿಲ್ಲಬೇಕು. ಮರಿ ಬಿಟ್ಟುಹೋಯಿತೆಂದು ತಾಯಿಗೆ ಅನಿಸಿದರೆ ಹಾಲು ಮೇಲೇರಿಬಿಡುತ್ತದೆ. ದಿನವಿಡೀ, ಒಂದು ಸಲ ಚಹಾ ಕುಡಿದು ಬರುವಷ್ಟರಲ್ಲಿ ಮತ್ತೆ ಕರೆಯುವ ಹೊತ್ತಾಗಿರುತ್ತಿತ್ತು. ಮರಿ ಹಿಡಿಯುವ ಕೆಲಸ ಮದುವೆಯಾದಂದಿನಿಂದ ಒತೊಂಬೆಕ್‌ನದು. ಈ ವರ್ಷ ಸೊಸೆ ಕೆಂಜೆ ಹಿಡಿಯುತ್ತಿದ್ದಳು.

"ಅತ್ತೆ, ಈ ಬೂದುಬಣ್ಣದ್ದು ನನ್ನ ಕಾಲು ತುಳಿದೇ ತುಳಿಯತ್ತೆ. ಏನು ಹಗೆಯೋ ನನ್ನ ಮೇಲೆ."

"ಹಗೆ ಅಲ್ಲ ಕಣೆ. ನೀನು ಅದನ್ನ ಅಪ್ಪಿಕೊಳ್ತೀಯ. ಅಪ್ಪಿಕೋಬೇಡ, ಒತ್ತಿ ಹಿಡಿ."

"ಮಾವ ಹಿಡಿಯೋವಾಗ ಹೆಂಗೆ ಸುಮ್ನಿರ್ತಿತ್ತು!"

ಸಾಯ್ರಾ ತಲೆ ತಿರುಗಿಸಿ ನೋಡಿದಳು. ಗುಡಾರದ ಬಾಗಿಲ ಪಕ್ಕ ಒತೊಂಬೆಕ್ ಮಡಿಸಿದ ಕಂಬಳಿಯ ಮೇಲೆ ಕೂತಿದ್ದ. ಬಿಸಿಲಿದ್ದರೂ ಮೇಲಂಗಿ ಬಿಚ್ಚಿರಲಿಲ್ಲ. ಬೂಟು ಹಾಕಿಕೊಳ್ಳುವಾಗ ಬೆರಳು ತಾಗಿದ ಕಡೆಯೆಲ್ಲ ಅವನ ಮೊಣಕಾಲಿನ ಕೆಳಗೆ ನೇರಳೆ ಕಲೆಗಳು ಎದ್ದಿದ್ದವು. ಮೊದಲ ದಿನ ಹಟ ಮಾಡಿ ಒಂದು ಮರಿ ಹಿಡಿಯಲು ಹೋಗಿದ್ದ. ಮರಿ ಒದೆಯಲಿಲ್ಲ, ಬರೀ ಭುಜ ತಾಗಿಸಿತು ಅಷ್ಟೆ. ಸಂಜೆಗೆ ಅವನ ಅರ್ಧ ಎದೆ ಕಪ್ಪಗಾಗಿತ್ತು.

ಆ ಶುಕ್ರವಾರ ಸುತ್ತಲಿನ ಗುಡಾರದವರೆಲ್ಲ ವರ್ಷದ ಮೊದಲ ಕಿಮಿಜ್ ಕುಡಿಯಲು ಬರುವವರಿದ್ದರು. ಹುದುಗಿಸಿದ ಕುದುರೆಹಾಲಿನ ಚೀಲ ಬಿಚ್ಚುವ ದಿನ ಅದು. ಆ ತಪ್ಪಲಿನ ಕಟ್ಟಳೆಯಂತೆ ಮೊದಲ ಬಟ್ಟಲು ಮಂದೆಯ ಯಜಮಾನನದು. ಅವನು ಕುಡಿದು, ಅಂಗೈ ಎತ್ತಿ ಹರಸಿದ ಮೇಲೆಯೇ ಉಳಿದವರ ಕೈಗೆ ಬಟ್ಟಲು ಹೋಗುತ್ತಿತ್ತು. ಒತೊಂಬೆಕ್ ಈ ವರ್ಷ ಒಂದು ಗುಟುಕನ್ನೂ ಕುಡಿಯುವಂತಿರಲಿಲ್ಲ. ಅದು ಗೊತ್ತಿದ್ದದ್ದು ಗಂಡ ಹೆಂಡತಿ ಇಬ್ಬರಿಗೆ ಮಾತ್ರ.

*

ಕಾಯಿಲೆ ಯಾವಾಗ ಶುರುವಾಯಿತೆಂದು ಸಾಯ್ರಾಳಿಗೆ ಖಚಿತವಾಗಿ ಹೇಳಲು ಬರುತ್ತಿರಲಿಲ್ಲ. ಹಿಂದಿನ ವರ್ಷ ಚಳಿಗಾಲಕ್ಕೆ ಮುಂಚೆ ಹುಲ್ಲಿನ ಹೊರೆ ಎತ್ತುವಾಗ ಒತೊಂಬೆಕ್ ನಡುವೆ ನಿಂತು ಉಸಿರು ಹಿಡಿದುಕೊಳ್ಳುತ್ತಿದ್ದ. ಚಳಿಗಾಲದಲ್ಲಿ ಒಸಡಿನಿಂದ ರಕ್ತ ಬಂದು ದಿಂಬಿನ ಮೇಲೆ ಕಲೆಯಾಗುತ್ತಿತ್ತು. ಮೂಗಿನ ರಕ್ತ ಒಮ್ಮೆ ಮಧ್ಯಾಹ್ನ ಶುರುವಾದದ್ದು ಸಂಜೆಯವರೆಗೂ ನಿಲ್ಲಲಿಲ್ಲ. "ಚಳಿಗಾಲದಲ್ಲಿ ರಕ್ತ ತೆಳ್ಳಗಾಗೋದು ಇದ್ದದ್ದೇ" ಎಂದು ಅವನೂ ಹೇಳಿದ, ಊರವರೂ ಹೇಳಿದರು. "ಕುದುರೆ ಈಯಲಿ, ಕಿಮಿಜ್ ಇಳೀಲಿ, ಎಲ್ಲಾ ಸರಿಹೋಗತ್ತೆ."

ಹೀಗೆ ಹೇಳುವ ಹಕ್ಕು ಬೇರೆ ಯಾರಿಗಿಂತಲೂ ಅವನಿಗಿತ್ತು. ಬೇಸಿಗೆ ಬಂದರೆ ಅವನ ಗುಡಾರದ ಪಕ್ಕ ಇನ್ನೊಂದು ಗುಡಾರ ಏಳುತ್ತಿತ್ತು. ಕೆಮ್ಮಿನವರು, ಬಾಣಂತನದಲ್ಲಿ ಸೊರಗಿದವರು, ಮುಖ ಬಿಳಿಚಿದ ಮಕ್ಕಳನ್ನು ಕಟ್ಟಿಕೊಂಡ ತಾಯಂದಿರು ಬಂದು ವಾರಗಟ್ಟಲೆ ಇದ್ದು, ಹೊತ್ತುಹೊತ್ತಿಗೆ ಹಾಲನ್ನೋ ಕಿಮಿಜನ್ನೋ ಕುಡಿದು, ಕೆನ್ನೆಗೆ ಬಣ್ಣ ಬಂದ ಮೇಲೆ ಇಳಿದು ಹೋಗುತ್ತಿದ್ದರು. ಅವನ ತಂದೆಯ ಕಾಲದಿಂದಲೂ ಹಾಗೆ. ಅಂಥವನು ತನ್ನ ರಕ್ತಕ್ಕೆ ಬೇರೆಯವರ ಔಷಧಿ ಹುಡುಕಿಕೊಂಡು ಹೋಗುವುದೆಂದರೇನು? ಹಾಗೆಂದು ಚಳಿಗಾಲವನ್ನೆಲ್ಲ ಕುದುರೆ ಈಯುವುದನ್ನು ಕಾಯುತ್ತ ಕಳೆದುಬಿಟ್ಟರು.

ಮಾರ್ಚಿನಲ್ಲಿ ಕೊಟ್ಟಿಗೆಯ ಮುಂದೆ ಅವನು ತಲೆ ಸುತ್ತಿ ಬಿದ್ದ. ಪಕ್ಕದ ಇಳಿಜಾರಿನ ಅಸನಾಲಿ ತನ್ನ ಲಾರಿಯಲ್ಲಿ ಹಾಕಿಕೊಂಡು ಪಟ್ಟಣದ ಆಸ್ಪತ್ರೆಗೆ ಒಯ್ದ. ಅಲ್ಲಿ ಅವನ ಸೊಂಟದ ಹಿಂದಿನ ಎಲುಬಿಗೆ ಸೂಜಿ ಇಳಿಸಿ ಒಳಗಿನದನ್ನು ಹೀರಿ ತೆಗೆದರು. ನಾಜಿರಾ ಎಂಬ ಡಾಕ್ಟರು, ಇನ್ನೂ ಚಿಕ್ಕ ವಯಸ್ಸಿನವಳು, ಗಂಡ ಹೆಂಡತಿಯನ್ನು ಕೂರಿಸಿಕೊಂಡು ಮಾತಾಡಿದಳು. ಮನೆಯವರು ಸಾಮಾನ್ಯವಾಗಿ ರೋಗಿಯನ್ನು ಹೊರಗೆ ಕಳಿಸಿ ಕೇಳುತ್ತಾರೆ. ಸಾಯ್ರಾಳೂ ಕಣ್ಣು ಸನ್ನೆ ಮಾಡಿದಳು. ಡಾಕ್ಟರು ಅದನ್ನು ಕಂಡೂ ಕಾಣದವಳಂತಿದ್ದಳು.

"ಮೂಳೆ ಮಜ್ಜೆ ಅಂದ್ರೆ ಗೊತ್ತಲ್ವಾ ಯಜಮಾನ್ರೇ?"

"ಗೊತ್ತಿಲ್ದೆ ಏನಮ್ಮ? ಮೂಳೆ ಒಡ್ದು ಒಡ್ದು ಹೀರಿ ಹಲ್ಲೆಲ್ಲ ಸವೆದಿದೆ."

ಅವಳು ನಕ್ಕಳು. "ರಕ್ತ ಹುಟ್ಟೋದು ಅದರೊಳಗೇ. ಮೂರು ಥರ ಹುಟ್ಟತ್ತೆ. ಕೆಂಪು ಕಣ, ಉಸಿರನ್ನ ಹೊತ್ಕೊಂಡು ಮೈಯೆಲ್ಲ ತಿರುಗೋವು. ಅವು ಕಮ್ಮಿ ಆಗಿದ್ದಕ್ಕೇ ನಿಮಗೆ ನಾಲ್ಕು ಹೆಜ್ಜೆಗೆ ಏದುಸಿರು. ಬಿಳಿ ಕಣ, ಕಾವಲು ಕಾಯೋವು. ಇನ್ನೊಂದು ಚೂರುಚೂರು ಕಣ, ಎಲ್ಲಿ ರಕ್ತ ಒಸರತ್ತೋ ಅಲ್ಲಿ ಹೋಗಿ ಬಾಯಿ ಮುಚ್ಚೋವು. ಅವಿಲ್ದೆ ಈ ನೀಲಿ ಕಲೆ, ಒಸಡಿನ ರಕ್ತ. ನಿಮಗೆ ಮೂರೂ ತೀರಾ ಕೆಳಗಿವೆ."

"ಮಜ್ಜೆ ಬತ್ತಿ ಹೋಗಿದ್ಯಾ?"

"ಇಲ್ಲ. ಸೂಜೀಲಿ ತೆಗ್ದು ನೋಡಿದ್ವಲ್ಲ, ತುಂಬಿದೆ. ಹುಟ್ತಾನೂ ಇವೆ. ಆದ್ರೆ ನೆಟ್ಟಗೆ ಬೆಳೀತಿಲ್ಲ. ಸೊಟ್ಟ ಸೊಟ್ಟ ಹುಟ್ಟಿ, ರಕ್ತಕ್ಕೆ ಬರೋ ಮೊದ್ಲೇ ಒಳಗೇ ಸಾಯ್ತಿವೆ."

ಒತೊಂಬೆಕ್ ಹೇಳಿದ: "ಅಂಥ ವರ್ಷ ಒಂದು ಬಂದಿತ್ತು ನಮಗೆ. ಎಲ್ಲಾ ಕುದುರೆಗೂ ಹೊಟ್ಟೆ ತುಂಬಿತ್ತು. ನೋಡಿದೋರೆಲ್ಲ ಮಂದೆ ಭಾಳ ಚೆನ್ನಾಗಿದೆ ಅಂದ್ರು. ಈಯೋ ಕಾಲಕ್ಕೆ ಒಂದೊಂದಾಗಿ ಕಂದು ಹಾಕಿದ್ವು, ಸತ್ತ ಮರೀನೇ ಬಿತ್ತು. ಹುಟ್ಟಿದ್ದೂ ಎದ್ದು ನಿಲ್ಲಲಿಲ್ಲ. ಹಗ್ಗ ಖಾಲಿ."

"ಹೂಂ, ಅದೇ ಇದು" ಎಂದಳು ನಾಜಿರಾ. "ಆ ವರ್ಷ ಏನು ಮಾಡಿದ್ರಿ?"

"ಏನು ಮಾಡ್ತಾರೆ? ಮೇವು ಹಾಕಿದ್ರೆ ಕಂದು ಹಾಕೋದು ನಿಲ್ಲತ್ತಾ? ಪಕ್ಕದೋರ ಹತ್ರ ಹಾಲು ಕೇಳಿ ಬೇಸಿಗೆ ಕಳೆದ್ವಿ."

"ನಾವೂ ಸದ್ಯಕ್ಕೆ ಅದನ್ನೇ ಮಾಡೋದು. ಬೇರೆಯೋರ ರಕ್ತ ಹಾಕ್ತೀವಿ. ಒಂದಷ್ಟು ದಿನ ಹಗುರ ಆಗತ್ತೆ. ಮತ್ತೆ ಇಳಿಯತ್ತೆ. ಮತ್ತೆ ಬರಬೇಕು. ಔಷಧಿ ಇದೆ, ನೋಡೋಣ. ಪೂರ್ತಿ ವಾಸಿ ಮಾಡ್ತೀನಿ ಅಂತ ನಾನು ಹೇಳಲ್ಲ."

ಆಗ ಅವನು ಕಿಮಿಜ್ ವಿಷಯ ಎತ್ತಿದ. ಇನ್ನೇನು ಕುದುರೆ ಈಯುತ್ತವೆ, ಅಷ್ಟರವರೆಗೆ ತಡೆದುಕೊಂಡರೆ ಸಾಕಲ್ಲವೇ ಎಂದ. ಡಾಕ್ಟರ ಮುಖ ಬಿಗಿಯಿತು.

"ಈ ವರ್ಷ ಬೇಡ. ಕಾಯಿಸದ ಹಾಲು, ಹುದುಗಿಸಿದ್ದು, ಯಾವುದೂ ಬೇಡ. ಅದರಲ್ಲಿ ಕಣ್ಣಿಗೆ ಕಾಣದ ಜೀವಗಳಿರ್ತವೆ. ಗಟ್ಟಿ ಇರೋರಿಗೆ ಏನೂ ಮಾಡಲ್ಲ. ನಿಮ್ಮ ಮೈಯಲ್ಲಿ ಕಾವಲು ಇಲ್ಲ ಯಜಮಾನ್ರೇ. ನಾಯಿಗಳೆಲ್ಲ ಸತ್ತಿರೋವಾಗ ಕುರಿದೊಡ್ಡಿ ಬಾಗಿಲು ತೆಗೆದಿಟ್ಟು ಮಲಗ್ತೀರಾ? ಜನ ಸೇರೋ ಕಡೆ ಒತ್ತೊತ್ತಾಗಿ ಕೂರಬೇಡಿ. ಮೈ ಬಿಸಿ ಆದ್ರೆ ಬೆಳಗಾಗ್ಲಿ ಅಂತ ಕಾಯಬೇಡಿ, ಹಂಗೇ ಹೊರಟು ಬನ್ನಿ."

ಅವನು ತಲೆ ಆಡಿಸಿದ. ಹೊರಗೆ ಬಂದ ಮೇಲೆ ಲಾರಿಯ ಹತ್ತಿರ ಸಿಗರೇಟು ಸೇದುತ್ತಿದ್ದ ಅಸನಾಲಿ, "ಏನಂದ್ಲು ಡಾಕ್ಟ್ರಮ್ಮ?" ಎಂದು ಕೇಳಿದ. "ರಕ್ತ ಕಮ್ಮಿಯಂತೆ" ಎಂದ ಒತೊಂಬೆಕ್. "ಅಷ್ಟೇನಾ! ಕುದುರೆ ಈಯಲಿ ಬಿಡು" ಎಂದು ಅಸನಾಲಿ ಬಾಗಿಲು ತೆಗೆದ. ಮುಂದೆ ಯಾರು ಕೇಳಿದರೂ ಅಷ್ಟೇ ಉತ್ತರವಾಯಿತು.

*

ಗುರುವಾರದ ಹೊತ್ತಿಗೆ ಚೀಲದೊಳಗಿನದು ಹದಕ್ಕೆ ಬರುತ್ತಿತ್ತು. ಕುದುರೆಯ ತೊಗಲಿನಿಂದ ಹೊಲಿದ ದೊಡ್ಡ ಚೀಲ, ಹೊಗೆ ಹಿಡಿಸಿ ಹಿಡಿಸಿ ಒಳಗೂ ಹೊರಗೂ ಕರ್ರಗಾಗಿತ್ತು. ಗುಡಾರದ ಎಡಬದಿಯಲ್ಲಿ ಮರದ ಚೌಕಟ್ಟಿಗೆ ಕಟ್ಟಿತ್ತು. ಹೋಗುವವರು ಬರುವವರು ಕಡೆಗೋಲಿಗೆ ಕೈ ಹಾಕಿ ನಾಲ್ಕು ಸಲ ಗುದ್ದಿ ಹೋಗಬೇಕು, ಗುದ್ದಿದಷ್ಟೂ ರುಚಿ.

ಸಾಯ್ರಾ ಮಧ್ಯಾಹ್ನದ ಹಾಲು ಹಿಡಿದು ಒಳಗೆ ಬಂದಾಗ ಒತೊಂಬೆಕ್ ಚೀಲದ ಬಾಯಿ ಬಿಚ್ಚಿ, ಸೌಟು ಹಿಡಿದು ನಿಂತಿದ್ದ. ಸೌಟು ಒದ್ದೆಯಾಗಿತ್ತು.

"ಏನು ಮಾಡ್ತಿದೀರಿ?"

"ಮೂಸಿ ನೋಡ್ತಿದ್ದೆ."

"ಬಾಯಿ ತೆಗೀರಿ ನೋಡೋಣ."

"ನಾನೇನು ಕುದುರೇನಾ, ಬಾಯಿ ತೆಗ್ದು ಹಲ್ಲು ತೋರ್ಸಕ್ಕೆ?" ಎಂದ. ಆದರೆ ಸೌಟನ್ನು ಕೆಳಗಿಟ್ಟ. "ಕುಡೀಲಿಲ್ಲ ಕಣೆ. ನಾಳೆ ಕುಡೀಲೇಬೇಕಲ್ಲ, ಹೆಂಗಿದೆ ಅಂತ ನೋಡ್ದೆ."

"ನಾಳೆ ಕುಡೀಲೇಬೇಕಾ?"

"ಯಜಮಾನನೇ ಮುಟ್ಟದ ಕಿಮಿಜನ್ನ ಬೇರೆ ಯಾರು ಕುಡೀತಾರೆ? ಒತೊಂಬೆಕ್‌ನ ಕುದುರೆಗೆ ಏನೋ ರೋಗ ಅಂತಾರೆ. ಸಂಜೆ ಒಳಗೆ ಆ ಕಣಿವೆಗೂ ಸುದ್ದಿ ಹೋಗತ್ತೆ. ಮಗ ಸೊಸೆ ಮುಂದೆ ಏನು ಮಾಡಿ ತಿನ್ನಬೇಕು? ಒಂದೇ ಒಂದು ಬಟ್ಟಲು. ಒಂದು ಬಟ್ಟಲಿಗೆ ಸಾಯಲ್ಲ."

"ಆ ಡಾಕ್ಟ್ರು ಹೇಳಿದ್ದು ನೀವು ಕೇಳಿಸ್ಕೊಂಡಿದ್ದಕ್ಕಿಂತ ಜಾಸ್ತಿ ನಾನು ಕೇಳಿಸ್ಕೊಂಡಿದೀನಿ."

"ನನ್ನ ಬುದ್ಧಿಗೆ ಅದು ಒಪ್ಪಿಗೆ ಆಗಿದೆ ಸಾಯ್ರಾ. ಆಗಿಲ್ಲ ಅನ್ನಲ್ಲ. ಆದ್ರೆ ಕೈ ಕೇಳಲ್ಲ."

ಅವನು ಹೊರಗೆ ಹೋಗಿ ಕೂತ ಮೇಲೆ ಸಾಯ್ರಾ ಬಹಳ ಹೊತ್ತು ಬಕೆಟ್ಟಿನ ಮುಂದೆ ನಿಂತಿದ್ದಳು. ಆಮೇಲೆ ಸಣ್ಣ ಪಾತ್ರೆಗೆ ಸ್ವಲ್ಪ ಕುದುರೆಹಾಲು ಬಗ್ಗಿಸಿ ಒಲೆಯ ಮೇಲಿಟ್ಟಳು. ಕುದುರೆಹಾಲನ್ನು ಬೆಂಕಿಗೆ ಇಡುವುದನ್ನು ಅವಳು ತನ್ನ ಜನ್ಮದಲ್ಲಿ ಕಂಡಿರಲಿಲ್ಲ, ಕೇಳಿರಲಿಲ್ಲ. ಹಾಗೆ ಮಾಡಿದರೆ ಕೆಚ್ಚಲು ಬತ್ತುತ್ತದೆಂದು ಅವಳ ಅತ್ತೆ ಹೇಳುತ್ತಿದ್ದಳು. ಹಾಲು ತೆಳ್ಳಗೆ, ನೀಲಿ ಛಾಯೆಯಲ್ಲಿ ಕುದಿಯಿತು. ಕೆಂಜೆ ಬಾಗಿಲಲ್ಲಿ ಬಂದು ನಿಂತವಳು ಬಾಯಿಯ ಮೇಲೆ ಕೈ ಇಟ್ಟುಕೊಂಡಳು.

"ಅತ್ತೆ! ಕುದುರೆ ಹಾಲಲ್ವಾ ಅದು?"

"ಬಾಗಿಲು ಹಾಕು ಮೊದ್ಲು."

ಸೊಸೆಗೆ ಎಲ್ಲವನ್ನೂ ಹೇಳಬೇಕಾಯಿತು. ಕೆಂಜೆ ಕೇಳುತ್ತ ಕೇಳುತ್ತ ಅಳುವುದಕ್ಕೆ ಶುರುಮಾಡಿದಳು. "ಅಳಬೇಡ, ಕಣ್ಣು ಕೆಂಪಾದ್ರೆ ಮಾವಂಗೆ ಗೊತ್ತಾಗತ್ತೆ. ನಾಳೆ ಅವ್ರ ಬಟ್ಟಲು ನಾನೇ ತುಂಬಿಸ್ತೀನಿ. ನೀನು ಉಳಿದೋರ ಬಟ್ಟಲು ನೋಡ್ಕೋ. ದೂರದಿಂದ ಯಾವ ಹಾಲು ಅಂತ ಯಾರಿಗೆ ಗೊತ್ತಾಗತ್ತೆ? ಎರಡೂ ಬೆಳ್ಳಗೇ ಇವೆ."

*

ಶುಕ್ರವಾರ ಬೆಳಗಿನಿಂದಲೇ ಜನ ಬರತೊಡಗಿದರು. ಗುಡಾರದೊಳಗೆ ಸೆಕೆ ಎಂದು ನೆಪ ಹೇಳಿ ಸಾಯ್ರಾ ಹೊರಗೆ ಹುಲ್ಲಿನ ಮೇಲೆ ಕಂಬಳಿ ಹಾಸಿದ್ದಳು. ಗಂಡನನ್ನು ಗಾಳಿ ಬರುವ ಕಡೆಗೆ, ಒಂಟಿ ಕಂಬಳಿಯ ಮೇಲೆ ಕೂರಿಸಿದ್ದಳು. ಅಸನಾಲಿ ಕುದುರೆಯಿಂದ ಇಳಿಯುತ್ತಲೇ ಕೂಗಿದ:

"ಏನತ್ತಿಗೆ, ಅಣ್ಣನ್ನ ಮದುವಣಗಿತ್ತಿ ಥರ ಬೇರೆ ಕೂರ್ಸಿದೀಯಲ್ಲ! ಮುಖಕ್ಕೊಂದು ಪರದೆ ಕಟ್ಟೋದು ಮರೆತ್ಯಾ?"

"ನಿಂಗೆ ಕಟ್ಟೋಣ ಅಂತ ಇಟ್ಕೊಂಡಿದೀನಿ, ಬಾ. ಆ ಮುಖ ನೋಡಿದ್ರೆ ಕುದುರೆ ಹಾಲು ಮೇಲೇರತ್ತೆ."

ಜನ ನಕ್ಕರು. ಒತೊಂಬೆಕ್ ಕೂಡ ನಕ್ಕ. ಅವನ ತುಟಿ ಕಾಗದದಷ್ಟು ಬೆಳ್ಳಗಿತ್ತು.

ಆ ನಗು ಇಳಿಯುವಷ್ಟರಲ್ಲಿ ಬಾಡಿಗೆಯ ಹಳೇ ಜೀಪೊಂದು ಹತ್ತಿ ಬಂತು. ಅದರಿಂದ ಹೆಂಗಸೊಬ್ಬಳು, ಹದಿಮೂರು ಹದಿನಾಲ್ಕರ ಹುಡುಗಿ, ಕಾಲು ಕಟ್ಟಿದ ಒಂದು ಕುರಿ ಇಳಿದರು. ಜೀಪು ತಿರುಗಿ ಹೋಯಿತು. ಹೆಂಗಸಿನ ಹೆಸರು ಜಿಪಾರ್, ಹುಡುಗಿ ಅವಳ ಮಗಳು ಬೂರುಲ್. ಎರಡು ಕಣಿವೆ ಆಚೆಯವರು. ಮಗಳಿಗೆ ರಕ್ತ ತೆಳ್ಳಗಾಗಿದೆ, ಬೇಸಿಗೆ ಪೂರ್ತಿ ಇಲ್ಲೇ ಇದ್ದು ಕಿಮಿಜ್ ಕುಡಿಸಿಕೊಂಡು ಹೋಗುತ್ತೇವೆ ಎಂದಳು ಜಿಪಾರ್. ಊರಿನ ನರ್ಸಮ್ಮ ಕಬ್ಬಿಣದ ಮಾತ್ರೆ ಕೊಟ್ಟಿದ್ದಳಂತೆ; ಏನೂ ಆಗಲಿಲ್ಲವಂತೆ.

"ಒಳ್ಳೇ ದಿನಕ್ಕೇ ಬಂದಿದೀರಿ" ಎಂದ ಅಸನಾಲಿ, ತನ್ನದೇ ಮನೆಯೇನೋ ಎಂಬಂತೆ. "ಇವಳಂಥೋರು ಎಷ್ಟು ಜನ ಇಲ್ಲಿಂದ ಸೇಬಿನ ಥರ ಆಗಿ ಹೋಗಿಲ್ಲ!" ಅವನೇ ಕುರಿಯನ್ನು ಎಳೆದುಕೊಂಡು ಹೋಗಿ ಕಡಾಯಿಯ ಕೆಲಸ ಶುರು ಮಾಡಿಸಿದ.

ಮಾಂಸ ಬೇಯುವ ಹೊತ್ತಿಗೆ ಸಾಯ್ರಾ ಚೀಲದ ಬಾಯಿ ಬಿಚ್ಚಿದಳು. ಹುಳಿ ಮತ್ತು ಹೊಗೆ ಬೆರೆತ ವಾಸನೆ ಹೊರಗಿನವರೆಗೂ ಬಂತು. ಮುದುಕರು ಗಡ್ಡ ನೀವಿಕೊಂಡು ನೆಟ್ಟಗೆ ಕೂತರು. ಕೆಂಜೆ ಬಟ್ಟಲುಗಳನ್ನು ತುಂಬಿ ತುಂಬಿ ಸಾಲಾಗಿ ಇಟ್ಟಳು. ಸಾಯ್ರಾ ಒಂದು ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ತಂದು ಗಂಡನ ಮುಂದೆ ನೀಡಿದಳು. ಅವನ ಕಣ್ಣನ್ನು ನೋಡಲಿಲ್ಲ.

ಒತೊಂಬೆಕ್ ಬಟ್ಟಲು ಎತ್ತಿದ. ಮಾತು ನಿಂತಿತು. ಅವನು ತುಟಿಯ ಹತ್ತಿರ ತಂದವನು ಅಲ್ಲೇ ತಡೆದ. ಬೆಂಕಿ ತಾಗಿದ ಹಾಲಿನ ವಾಸನೆ ಅವನ ಮೂಗಿಗೆ ಹೋಗಿರಬೇಕು. ಅವನು ಹೆಂಡತಿಯ ಕಡೆಗೆ ನೋಡಿದ. ಸಾಯ್ರಾ ನೆಲ ನೋಡುತ್ತ, ಸೆರಗಿನಂಥ ತನ್ನ ತಲೆವಸ್ತ್ರದ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ಕುಡಿದರೆ ಮುಗಿಯಿತು. ಹಾಲು ಕಾಯಿಸಿದ್ದು, ಅಪಾಯವಿಲ್ಲ. ಜನರಿಗೆ ಗೊತ್ತಾಗುವುದಿಲ್ಲ. ಹೆಸರೂ ಉಳಿಯಿತು, ಜೀವವೂ ಉಳಿಯಿತು. ಅವನು ಅದನ್ನು ಅರ್ಥ ಮಾಡಿಕೊಂಡನೆಂದು, ಮಾಡಿಕೊಂಡು ಬಟ್ಟಲನ್ನು ಮತ್ತೆ ತುಟಿಗೆ ಒಯ್ದನೆಂದು ಸಾಯ್ರಾಳಿಗೆ ಅವನ ತೋಳಿನ ನೆರಳಿನಿಂದಲೇ ಗೊತ್ತಾಯಿತು.

ಆ ಹೊತ್ತಿಗೆ ಎದುರು ಕೂತಿದ್ದ ಜಿಪಾರ್ ಮಗಳ ಮೊಣಕೈ ತಿವಿದು, "ಬಟ್ಟಲು ಹಿಡಿ, ಮಾವ ಕುಡಿದ ತಕ್ಷಣ ನೀನೂ ಕುಡೀಬೇಕು, ಅವರ ಹಿಂದೇನೇ" ಎಂದಳು. ಹುಡುಗಿ ಕೈ ಚಾಚಿ ಬಟ್ಟಲು ಎತ್ತಿಕೊಂಡಳು. ಅಂಗಿಯ ತೋಳು ಹಿಂದೆ ಸರಿಯಿತು. ಮಣಿಕಟ್ಟಿನಿಂದ ಮೊಣಕೈವರೆಗೆ ನೇರಳೆ, ಹಳದಿ, ಕಪ್ಪು ಕಲೆಗಳು.

ಒತೊಂಬೆಕ್ ಬಟ್ಟಲನ್ನು ಕೆಳಗಿಟ್ಟ.

"ಮಗಳೇ, ಕೈಗೆ ಏನಾಯ್ತು? ಕುದುರೆ ಕಚ್ತಾ?"

"ಇಲ್ಲ ಮಾವ. ಸುಮ್ಸುಮ್ನೆ ಬರ್ತವೆ."

"ಹಲ್ಲುಜ್ಜೋವಾಗ ರಕ್ತ ಬರತ್ತಾ?"

ಹುಡುಗಿ ತಾಯಿಯನ್ನು ನೋಡಿದಳು. "ಬರತ್ತೆ" ಎಂದಳು ತಾಯಿಯೇ. "ಮೂಗಲ್ಲೂ ಬರತ್ತೆ. ಈ ಚಳಿಗಾಲದಲ್ಲಿ ಎರಡು ಸಲ ಜ್ವರಾನೂ ಬಂತು. ಅದಕ್ಕೇ ಅಲ್ವಾ ಕರ್ಕೊಂಡು ಬಂದಿದ್ದು. ನೀವು ಕುಡೀರಿ ಅಣ್ಣ, ಹರಸಿ. ಜನ ಕಾಯ್ತಿದಾರೆ."

"ಬಟ್ಟಲು ಕೆಳಗಿಡು ಮಗಳೇ. ಕುಡೀಬೇಡ."

ಯಾರಿಗೂ ಅರ್ಥವಾಗಲಿಲ್ಲ. ಒತೊಂಬೆಕ್ ತನ್ನ ಪ್ಯಾಂಟಿನ ಕಾಲನ್ನು ಮೊಣಕಾಲಿನವರೆಗೆ ಎಳೆದು ತೋರಿಸಿದ. ಸಾಯ್ರಾ ಮುಂದೆ ಬಂದು ಮುಚ್ಚಲು ಹೋದಳು. ಅವನು ಅವಳ ಕೈ ಸರಿಸಿದ. ಮುದುಕನೊಬ್ಬ ಗಂಟಲಲ್ಲೇ ದೇವರ ಹೆಸರು ಹೇಳಿದ.

"ರಕ್ತ ಕಮ್ಮಿ ಅಂತ ನಿಮಗೆಲ್ಲ ಹೇಳಿದ್ದೆ. ಕಮ್ಮಿ ಅಲ್ಲ ಇದು" ಎಂದ ಒತೊಂಬೆಕ್. ನಿಧಾನವಾಗಿ, ನಡುನಡುವೆ ಉಸಿರು ಎಳೆದುಕೊಳ್ಳುತ್ತ, ಡಾಕ್ಟರು ಹೇಳಿದ್ದನ್ನು ಕುದುರೆಯವರ ಮಾತಿನಲ್ಲಿ ಹೇಳಿದ. ಹೊಟ್ಟೆ ತುಂಬಿದ ಮಂದೆ, ನಿಲ್ಲದ ಕಂದು, ಖಾಲಿ ಹಗ್ಗ. ಕಾವಲಿಲ್ಲದ ದೊಡ್ಡಿ. ಈ ವರ್ಷ ತನಗೆ ಕಿಮಿಜ್ ಕೂಡದೆಂದು ಹೇಳಿದ. ಬಟ್ಟಲಲ್ಲಿರುವುದು ಕಾಯಿಸಿದ ಹಾಲು ಎಂದೂ ಹೇಳಿಬಿಟ್ಟ. ಆಗ ಒಂದು ಸಣ್ಣ ಗುಜುಗುಜು ಎದ್ದಿತು. ಕುದುರೆಹಾಲು ಕಾಯಿಸಿದರಂತೆ ಎಂಬ ಮಾತು ಕೈಯಿಂದ ಕೈಗೆ ಬಟ್ಟಲಿನಂತೆ ಸಾಗಿತು.

ಅಸನಾಲಿ ಎದ್ದು ನಿಂತಿದ್ದ. "ಅಣ್ಣಾ, ಇಷ್ಟು ವರ್ಷ ನೀನು ಕೊಟ್ಟಿದ್ದನ್ನ ಕುಡ್ಕೊಂಡು ಬಂದಿದೀವಿ. ನಮ್ಮ ಮಕ್ಕಳಿಗೆ ಕುಡಿಸಿದೀವಿ. ಈಗ ವಿಷ ಅಂತೀಯಾ?"

"ನಿಂಗ್ಯಾಕೆ ವಿಷ ಆಗತ್ತೆ ಮಾರಾಯ? ನಿನ್ನ ನಾಯಿಗಳೆಲ್ಲ ಇನ್ನೂ ಬೊಗಳ್ತಾ ಇವೆ. ನಿನಗಿಂತ ಜೋರಾಗಿ."

ಒಂದಿಬ್ಬರು ನಕ್ಕರು, ಅರ್ಧಕ್ಕೆ ನಿಲ್ಲಿಸಿದರು. ಅಸನಾಲಿ ನಗಲಿಲ್ಲ. "ಮತ್ತೆ ನನಗ್ಯಾಕೆ ಹೇಳಲಿಲ್ಲ? ಲಾರೀಲಿ ಪಕ್ಕದಲ್ಲೇ ಕೂತಿದ್ದೆ. ಆಸ್ಪತ್ರೇಲಿ ರಕ್ತ ಬೇಕು ಅಂದಾಗ ತೋಳು ಕೊಟ್ಟೆ. ನನಗ್ಯಾಕೆ ಹೇಳಲಿಲ್ಲ?"

ಒತೊಂಬೆಕ್ ಪ್ಯಾಂಟಿನ ಕಾಲನ್ನು ಕೆಳಗೆ ಇಳಿಸಿಕೊಂಡ.

ಜಿಪಾರ್‌ಳ ಮುಖ ಕೆಂಪಾಗಿತ್ತು. "ಅಂದ್ರೆ ನನ್ನ ಮಗಳಿಗೂ ನಿಮ್ಮ ರೋಗ ಅಂತೀರಾ? ಅಪಶಕುನ ನುಡೀಬೇಡಿ ಅಣ್ಣ. ಇರೋಕೆ ಜಾಗ ಇಲ್ಲ ಅಂತ ನೇರ ಹೇಳಿ, ಹೋಗ್ತೀವಿ."

"ನನಗೆ ಗೊತ್ತಿಲ್ಲ ತಂಗಿ. ನಾನೇನು ಡಾಕ್ಟ್ರಲ್ಲ. ಇವಳದ್ದು ಬೇರೇನೇ ಇರಬಹುದು, ಏನೂ ಇಲ್ದೇನೂ ಇರಬಹುದು. ಕೆಂಪು ಒಂದೇ ಕಮ್ಮಿ ಇದ್ರೆ ಮಾತ್ರೇಲಿ ಹೋಗತ್ತೋ ಏನೋ. ಇವಳಿಗೆ ಕಲೆ ಇದೆ, ರಕ್ತ ಒಸರತ್ತೆ, ಜ್ವರಾನೂ ಬಂದಿದೆ ಅಂತೀಯ. ನಂದೂ ಹಿಂಗೇ ಶುರುವಾಯ್ತು. ನಾನು ಕುದುರೆ ಈಯಲಿ ಅಂತ ಒಂದು ಚಳಿಗಾಲ ಕಾದೆ. ನೀನು ಒಂದು ಬೇಸಿಗೆ ಕಾಯಬೇಡ. ರಕ್ತ ಎಣಿಸಿ ನೋಡ್ತಾರೆ, ಒಂದು ಹನಿ ಸಾಕು. ಎಲ್ಲಾ ಸರಿಯಿದ್ರೆ ಬಾ, ಮೊದಲ ಕರೆತದ್ದು ಅವಳಿಗೇ ಕೊಡ್ತೀನಿ."

ಜಿಪಾರ್ ಮಗಳ ಅಂಗಿಯ ತೋಳನ್ನು ಕೆಳಗೆ ಎಳೆದು ಎಳೆದು ಮುಚ್ಚುತ್ತಿದ್ದಳು.

ಬಟ್ಟಲುಗಳು ಹಾಗೇ ಇದ್ದವು. ಯಾರೂ ಮುಟ್ಟಲಿಲ್ಲ. ಕೆಂಜೆ ಅತ್ತೆಯನ್ನು ನೋಡಿದಳು. ಒತೊಂಬೆಕ್ ಸಾಲಿನಿಂದ ಒಂದು ಬಟ್ಟಲನ್ನು, ನಿಜವಾದ ಕಿಮಿಜಿನದನ್ನು ಎತ್ತಿ ಹೆಂಡತಿಯ ಕೈಗೆ ಇಟ್ಟ.

"ಕರೆದೋಳು ನೀನು. ಮೊದಲು ನೀನೇ ಕುಡಿ."

ಹೆಂಗಸು ಮೊದಲ ಬಟ್ಟಲು ಕುಡಿದದ್ದು ಆ ಇಳಿಜಾರಿನಲ್ಲಿ ಯಾರೂ ಕಂಡಿರಲಿಲ್ಲ. ಸಾಯ್ರಾ ಕಣ್ಣು ಮುಚ್ಚಿ ಕುಡಿದಳು. ಒಂದೇ ಉಸಿರಿಗೆ, ಬಟ್ಟಲು ಬರಿದಾಗುವವರೆಗೆ. ಒತೊಂಬೆಕ್ ಅಂಗೈಗಳನ್ನು ಎತ್ತಿ ಹರಸಿದ. ಅಸನಾಲಿ ನಿಂತಲ್ಲೇ ಬಗ್ಗಿ ಒಂದು ಬಟ್ಟಲು ಎತ್ತಿಕೊಂಡು ಕುಡಿದು, ಮೀಸೆ ಒರೆಸಿಕೊಂಡು, "ಹುಳಿ ಸಾಲದು" ಎಂದ. ಆಮೇಲೆ ಉಳಿದವರೂ ಕುಡಿದರು. ಎಲ್ಲರೂ ಅಲ್ಲ. ಪ್ರತಿ ವರ್ಷ ಪಾತ್ರೆ ತುಂಬಿಸಿಕೊಂಡು ಹೋಗುತ್ತಿದ್ದ ಮೂರು ಮನೆಯವರು ಆ ದಿನ ಖಾಲಿ ಪಾತ್ರೆಯನ್ನೇ ಕುದುರೆಗೆ ಕಟ್ಟಿಕೊಂಡು ಇಳಿದರು.

*

ಊಟವಾದ ಮೇಲೂ ಜಿಪಾರ್ ಗಂಟು ಬಿಚ್ಚಲೂ ಇಲ್ಲ, ಎತ್ತಲೂ ಇಲ್ಲ. ಹುಡುಗಿ ಕಟ್ಟುಹಗ್ಗದ ಹತ್ತಿರ ಹೋಗಿ ಮರಿಗಳ ಕುತ್ತಿಗೆ ತುರಿಸುತ್ತ ನಿಂತಿದ್ದಳು. ಸ್ವಲ್ಪ ಹೊತ್ತಿಗೆ ಸುಸ್ತಾಗಿ ಅಲ್ಲೇ ಗೂಟದ ಪಕ್ಕ ಕೂತುಬಿಟ್ಟಳು. ತಾಯಿ ಅದನ್ನು ನೋಡಿದಳು. ಎದ್ದು ಅಸನಾಲಿಯ ಹತ್ತಿರ ಹೋಗಿ ಕೇಳಿದಳು:

"ಅಣ್ಣ, ನಿಮ್ಮ ಲಾರಿ ಪಟ್ಟಣಕ್ಕೆ ಯಾವಾಗ ಹೋಗತ್ತೆ?"

"ನಾಡಿದ್ದು ಉಣ್ಣೆ ಹೇರ್ಕೊಂಡು ಹೋಗೋದಿತ್ತು" ಎಂದ ಅಸನಾಲಿ. ಹುಡುಗಿ ಕೂತ ಕಡೆ ನೋಡಿದ. "ಉಣ್ಣೆ ಏನು ಕೊಳೆಯತ್ತಾ? ಬೆಳಗ್ಗೇನೇ ಹೋಗೋಣ."

ಮರುದಿನ ಲಾರಿ ಹೊರಡುವ ಮುಂಚೆ ಒತೊಂಬೆಕ್ ಮಗ ಬಾಕಾಸನನ್ನು ಕರೆದು ಮಂದೆಯಿಂದ ಒಂದು ಹೆಣ್ಣು ಕುರಿಯನ್ನು ಹಿಡಿಸಿ ತರಿಸಿದ. ಬೇಸಿಗೆ ಇರುವುದಕ್ಕೆ ಪ್ರತಿಯಾಗಿ ಜಿಪಾರ್ ತಂದಿದ್ದ ಕುರಿ ಹಿಂದಿನ ದಿನವೇ ಕಡಾಯಿಗೆ ಹೋಗಿತ್ತು. ಅವರು ಈಗ ಬೇಸಿಗೆ ಪೂರ್ತಿ ಇರುವವರಲ್ಲ. ಕುರಿ ಅವರಿಗೆ ವಾಪಸು ಹೋಗಬೇಕಾದದ್ದು ನ್ಯಾಯ.

"ಬೇಡ" ಎಂದಳು ಜಿಪಾರ್. "ಆಸ್ಪತ್ರೆ ಬಾಗಿಲಿಗೆ ಕುರಿ ಕಟ್ಕೊಂಡು ಹೋಗ್ಲಾ?"

"ಮಾರ್ಕೋ. ಖರ್ಚಿಗಾಗತ್ತೆ."

"ಬೇಡ ಅಣ್ಣ. ನಿಮ್ಮ ಹತ್ರಾನೇ ಇರ್ಲಿ. ಬೂರುಲ್ ನೆಟ್ಟಗಾಗಿ ಬಂದು ಹಿಡ್ಕೊಂಡು ಹೋಗ್ತಾಳೆ."

"ಆಗ ನಾನು ಇರ್ತೀನೋ ಇಲ್ವೋ."

ಜಿಪಾರ್ ಅವನನ್ನೇ ನೋಡಿದಳು. ಹಿಂದಿನ ದಿನದ ಸಿಟ್ಟು ಇನ್ನೂ ಪೂರ್ತಿ ಹೋಗಿರಲಿಲ್ಲ. "ನನ್ನ ಸಾಲ ಇಟ್ಕೊಂಡು ಎಲ್ಲಿಗೆ ಹೋಗ್ತೀರಿ? ಇರಬೇಕು" ಎಂದು ಹೇಳಿ ಲಾರಿ ಹತ್ತಿದಳು.

ಬಾಕಾಸ್ ಆ ಕುರಿಯ ಕುತ್ತಿಗೆಗೆ ಒಂದು ಕೆಂಪು ಬಟ್ಟೆಚೂರು ಕಟ್ಟಿ ಮಂದೆಗೆ ಬಿಟ್ಟ.

ಆ ಬೇಸಿಗೆ ಪಕ್ಕದ ಗುಡಾರ ಏಳಲಿಲ್ಲ. ಕಿಮಿಜ್ ಅರ್ಧಕ್ಕರ್ಧ ಉಳಿಯಿತು. ಒತೊಂಬೆಕ್ ಎರಡು ಸಲ ಪಟ್ಟಣಕ್ಕೆ ಇಳಿದು ರಕ್ತ ಹಾಕಿಸಿಕೊಂಡು ಬಂದ. ಮೊದಲ ಸಲ ಬಂದಾಗ ಕೆನ್ನೆ ತುಂಬಿತ್ತು, ಎರಡನೆಯ ಸಲ ಅಷ್ಟು ತುಂಬಲಿಲ್ಲ. ಹುಡುಗಿಯ ಸುದ್ದಿಯನ್ನು ಅಸನಾಲಿ ತಂದ. ಅವಳ ಮೂರೂ ಎಣಿಕೆ ಕೆಳಗಿತ್ತಂತೆ. ಆದರೆ ಒತೊಂಬೆಕ್‌ನದರ ಹಾಗಲ್ಲವಂತೆ, ಅವಳ ಮಜ್ಜೆಯೇ ಬರಿದಾಗುತ್ತಿತ್ತಂತೆ. ರಾಜಧಾನಿಗೆ ಕಳಿಸಿದ್ದಾರೆ, ಚಿಕ್ಕ ವಯಸ್ಸು, ಅವಳ ಅಣ್ಣನ ಮಜ್ಜೆ ಹೊಂದುತ್ತದೆಯೇ ಎಂದು ನೋಡುತ್ತಿದ್ದಾರೆ. ಅಷ್ಟರ ಮೇಲೆ ಅವನಿಗೂ ಗೊತ್ತಿರಲಿಲ್ಲ.

ಸೆಪ್ಟೆಂಬರಿನಲ್ಲಿ, ಊರಿಗೆ ಇಳಿಯುವ ಮುಂಚೆ, ಕುರಿಗಳ ಉಣ್ಣೆ ಕತ್ತರಿಸುವ ಕೆಲಸ ನಡೆದಿತ್ತು. ಕೆಂಜೆ ಕತ್ತರಿ ಹಿಡಿದು, ಕಾಲಡಿ ಕೆಡವಿಕೊಂಡ ಕುರಿಯ ಕುತ್ತಿಗೆಯಲ್ಲಿ ಮಾಸಿದ ಬಟ್ಟೆಚೂರು ಕಂಡು ತಲೆ ಎತ್ತಿದಳು.

"ಮಾವ, ಇದನ್ನೇನು ಮಾಡ್ಲಿ?"

ಒತೊಂಬೆಕ್ ಗುಡಾರದ ಬಾಗಿಲಲ್ಲಿ ಒರಗಿ ಕೂತಿದ್ದ. ಈಗ ಅವನಿಗೆ ಮಾತಾಡುವ ಮುಂಚೆ ಒಮ್ಮೆ ಉಸಿರು ಕೂಡಿಸಿಕೊಳ್ಳಬೇಕಾಗುತ್ತಿತ್ತು.

"ಕತ್ತರಿಸು. ಉಣ್ಣೆ ನಮ್ಮದರಲ್ಲಿ ಬೆರೆಸಬೇಡ. ಬೇರೆ ಚೀಲಕ್ಕೆ ಹಾಕಿಡು" ಎಂದ. "ಅದೂ ಅವರದ್ದೇ."